ಮನೆಯಲ್ಲೇ ಕೆಲಸ ಕೊಡ್ತೇವೆ ಅನ್ನುವವರಿಗೆ ಅಮ್ಮನ ಲಾಗ್ ಬುಕ್ ತೋರಿಸಿ

ಕಳೆದ ಆಟಿ ತಿಂಗಳ ಒಂದು ಸಂಜೆ. ಮಳೆ ಹೊಯ್ಯುತ್ತಾ ಇತ್ತು. ನೆರೆಮನೆಯ ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಮಗಳ ಕೈಯಲ್ಲಿ ಮೊಬೈಲು, ಮುಖ ಬಿಳಿಚಿಕೊಂಡಿತ್ತು. "ಅಣ್ಣ, ನೀವು ಪೇಪರಿನವರಲ್ವಾ, ಇದೊಮ್ಮೆ ನೋಡಿ" ಅಂತ ಟೆಲಿಗ್ರಾಂ ತೆರೆದು ಕೊಟ್ಟಳು.

ನೋಡಿದೆವು. ವಾಟ್ಸ್ಆ್ಯಪಿಗೆ ಮೊದಲು ಒಂದು ಮೆಸೇಜು ಬಂದಿದೆ, ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ ದುಡಿಯಿರಿ ಅಂತ. ಕೆಲಸ ಏನು? ಹೋಟೆಲುಗಳಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಡುವುದು. ಮೊದಲ ದಿನ 150 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು. ಮರುದಿನ 450. ಮೂರನೇ ದಿನ 'ಪ್ರೀಪೇಯ್ಡ್ ಟಾಸ್ಕ್' ಅಂದರು. ಸಾವಿರ ಹಾಕಿದರೆ 1,300 ಬರುತ್ತದೆ. ಬಂತು ಕೂಡ. ಆಮೇಲೆ ಐದು ಸಾವಿರ, ಹದಿನೆಂಟು ಸಾವಿರ. ಪರದೆಯ ಮೇಲೆ ಲಾಭ ಏರುತ್ತಾ ಹೋಯಿತು, ತೆಗೆಯಲು ಹೋದರೆ ಮಾತ್ರ ತೆರಿಗೆ ಕಟ್ಟಬೇಕು, ನಿಮ್ಮ ತಪ್ಪಿನಿಂದ ಖಾತೆ ಲಾಕ್ ಆಗಿದೆ, ಇನ್ನೊಂದು ಕಂತು ಹಾಕಿ ಎಂಬ ಕತೆ. ಹೀಗೆ ಹೋದದ್ದು 68 ಸಾವಿರ. ಆ ದುಡ್ಡು ಅಕ್ಕ 28 ವರ್ಷ ಬೀಡಿ ಕಟ್ಟಿ ಬಿಡಿಸಿಕೊಂಡ ಪಿಎಫ್.

ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಿರಲಿಲ್ಲ. ನಾವು 1930ಕ್ಕೆ ಕರೆ ಮಾಡಿಸಿದೆವು, ದೂರೂ ದಾಖಲಾಯಿತು. ಅಷ್ಟರಲ್ಲಿ ದುಡ್ಡು ಯಾರ್ಯಾರದೋ ಖಾತೆ ದಾಟಿ ಹೋಗಿತ್ತು. ಮೋಸ ಆದ ಕೂಡಲೇ, ಗಂಟೆಯೊಳಗೆ ಕರೆ ಮಾಡಿದರೆ ಬ್ಯಾಂಕಿನವರು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇದನ್ನು ಓದುತ್ತಿರುವವರು ಬೇರೆಲ್ಲ ಮರೆತರೂ ಆ ನಾಲ್ಕು ಅಂಕೆ ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಸುದ್ದಿ ಹೊರಬಿದ್ದ ಮೇಲೆ ಊರಿನವರ ಬಾಯಲ್ಲಿ ಒಂದೇ ಮಾತು. "ದುರಾಸೆ ಮಾರಾಯ್ರೆ, ಕೂತಲ್ಲಿ ದುಡ್ಡು ಯಾರು ಕೊಡ್ತಾರೆ?" ಆ ಮಾತು ನಮಗೆ ಹಿಡಿಸಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆ ಮನೆಯಲ್ಲೇ ಕೂತು ದುಡಿಯುವುದು ಹೊಸತಾ? ಬೀಡಿ ಕಟ್ಟದ ಮನೆ ಹುಡುಕುವುದೇ ಒಂದು ಕಾಲದಲ್ಲಿ ಕಷ್ಟ ಇತ್ತಲ್ಲ. ಮಡಿಲಲ್ಲಿ ತಡ್ಪೆ, ಬದಿಯಲ್ಲಿ ಕತ್ತರಿ, ಎದುರು ಟಿವಿ, ಒಲೆಯ ಮೇಲೆ ಗಂಜಿ. ಹಾಗೆ ಕೂತಲ್ಲೇ ಮಕ್ಕಳನ್ನು ಓದಿಸಿದ್ದಾರೆ, ಮನೆಗೆ ಹಂಚು ಹಾಕಿಸಿದ್ದಾರೆ, ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ನಾವು ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಕಟ್ಟಿದ ಫೀಸೂ ಬೀಡಿಯ ಬೋನಸ್ಸೇ. ಹಾಗಿರುವಾಗ ಮನೆಯಲ್ಲಿ ಕೂತು ಕೆಲಸ ಕೇಳಿದ ಹುಡುಗಿಯನ್ನು ದುರಾಸೆಯವಳು ಅನ್ನುವುದು ಸರಿಯಲ್ಲ. ಅವಳ ಅಮ್ಮನೂ ಮನೆಯಲ್ಲೇ ದುಡಿದವರು. ಅಮ್ಮನ ಕೆಲಸಕ್ಕೆ ಇದ್ದದ್ದು ಮಗಳ ಕೆಲಸಕ್ಕೆ ಏನೇನು ಇರಲಿಲ್ಲ ಅಂತ ನೋಡಬೇಕು.

ಬೀಡಿ ಬ್ರಾಂಚಿಗೆ ಹೋದ ನೆನಪು ಇರುವವರಿಗೆ ಗೊತ್ತು. ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಎಲ್ಲ ಅವರು ಕೊಡುವುದು. ತೂಕ ಮಾಡಿ ಕೊಡುತ್ತಿದ್ದರು. ಕಟ್ಟಿದ ಬೀಡಿಯನ್ನು ನಮ್ಮ ಕಣ್ಣೆದುರೇ ಎಣಿಸುತ್ತಿದ್ದರು. ಸರಿಯಿಲ್ಲದ ಕಟ್ಟು ಬದಿಗೆ ಎಸೆಯುತ್ತಿದ್ದರು. ಎಷ್ಟು ಎಲೆ ಹೋಯಿತು, ಎಷ್ಟು ಬೀಡಿ ಬಂತು ಅಂತ ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದರು. ಆ ಸಣ್ಣ ಪುಸ್ತಕ ಮಳೆಗೆ ಒದ್ದೆಯಾಗಬಾರದೆಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮಂದಿರು ಗದ್ದೆ ಬದುವಿನಲ್ಲಿ ನಡೆಯುತ್ತಿದ್ದರು. ಬ್ಯಾಂಕಿನ ಪಾಸ್ ಪುಸ್ತಕಕ್ಕೂ ಇಷ್ಟು ಮರ್ಯಾದೆ ಇರಲಿಲ್ಲ.

ಆ ಪುಸ್ತಕವನ್ನು ಯಾರೂ ದಯೆಯಿಂದ ಕೊಟ್ಟದ್ದಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಹೇಳಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿಎಫ್ ಅನ್ವಯವಾಯಿತು. ಅದರ ಮೇಲೂ ವ್ಯಾಜ್ಯ. ಮನೆಯಲ್ಲಿ ಕಟ್ಟುವ ಹೆಂಗಸಿನ ಮೇಲೆ ನಮ್ಮ ಹಿಡಿತವೇ ಇಲ್ಲ, ಅವಳು ಯಾವಾಗ ಬೇಕಾದರೂ ಕಟ್ಟುತ್ತಾಳೆ, ಬಿಡುತ್ತಾಳೆ, ಅವಳು ನಮ್ಮ ನೌಕರಳು ಹೇಗಾಗುತ್ತಾಳೆ ಎಂದು ಮಾಲೀಕರ ವಾದ. 1985ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರದ ಸಾರ ಇಷ್ಟು: ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ, ಅದೇ ಹಿಡಿತ, ಆದ್ದರಿಂದ ಅವರು ನಿಮ್ಮ ಕೆಲಸದವರು.

ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಬ್ರಾಂಚಿನಲ್ಲಿ ಬೀಡಿ ಕಟ್ಟು ಎಸೆದಾಗ ಎಷ್ಟು ಅಮ್ಮಂದಿರು ಕಣ್ಣೀರು ಹಾಕಿದ್ದಾರೋ, ಅದೇ ಎಸೆತ ಅವರಿಗೆ ಪಿಎಫ್ ತಂದುಕೊಟ್ಟಿತು. ಇವತ್ತು ಆ್ಯಪಿನವರು ಕೆಲಸ ಕೊಡುತ್ತಾರೆ, ರೇಟಿಂಗ್ ಕಡಿಮೆಯಾದರೆ ಐಡಿ ಬ್ಲಾಕ್ ಮಾಡುತ್ತಾರೆ, ಆದರೂ ಕೇಳಿದರೆ ನೀವು ನೌಕರರಲ್ಲ, 'ಪಾರ್ಟ್‌ನರ್' ಅನ್ನುತ್ತಾರೆ. ನಾಲ್ಕು ದಶಕದ ಹಿಂದೆ ಬೀಡಿಯವರು ಹೇಳಿದ್ದೇ ಇದು, ಹೆಸರು ಮಾತ್ರ ಬೇರೆ.

ಬೀಡಿಯನ್ನು ಹೊಗಳಲು ಹೊರಟಿಲ್ಲ ನಾವು. ಬೆನ್ನು ಬಗ್ಗಿ ಹೋದ, ಹುಡಿಯ ಘಾಟಿಗೆ ಕೆಮ್ಮು ಹತ್ತಿದ ಎಷ್ಟೋ ಜನರನ್ನು ಕಂಡಿದ್ದೇವೆ. ಎಲೆ ಸಾಲದೆ ಬಂದಾಗ ಕೈಯಿಂದ ದುಡ್ಡು ಹಾಕಿ ಎಲೆ ಕೊಂಡು ಲೆಕ್ಕ ತುಂಬಿಸಿದವರಿದ್ದಾರೆ. ಪಿಎಫ್ ಪುಸ್ತಕದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು, ಮದುವೆಗೆ ಮೊದಲಿನ ಮನೆ ಹೆಸರು ಮತ್ತೊಂದು ಕಡೆ ಎಂದು ತಿದ್ದುಪಡಿಗೆ ವರ್ಷಗಟ್ಟಲೆ ಅಲೆದವರೂ ಇದ್ದಾರೆ. ಬೀಡಿ ಸೇದಿದವನ ಎದೆಯ ಕತೆ ಹೇಳುವುದೇ ಬೇಡ. ಹೇಗೂ ಆ ಕೆಲಸ ಕರಗುತ್ತಿದೆ. ಬ್ರಾಂಚುಗಳು ವಾರದಲ್ಲಿ ಎಲ್ಲ ದಿನ ಎಲೆ ಕೊಡುತ್ತಿಲ್ಲ, ಹುಡುಗಿಯರು ಯಾರೂ ಹೊಸದಾಗಿ ಕಲಿಯುತ್ತಿಲ್ಲ. ಬೀಡಿ ಹೋಗಲಿ, ನಮ್ಮ ಅಡ್ಡಿ ಇಲ್ಲ. ಅದರ ಜೊತೆ ಲಾಗ್ ಬುಕ್ಕೂ ಹೋಗುತ್ತಿರುವುದೇ ನಮಗೆ ಕಾಣುವ ತೊಂದರೆ.

ಹಾಗಾಗಿ ಮೊಬೈಲಿಗೆ ಬರುವ ಯಾವುದೇ 'ವರ್ಕ್ ಫ್ರಮ್ ಹೋಮ್' ಮೆಸೇಜನ್ನು ಬೀಡಿ ಬ್ರಾಂಚಿನ ಪಕ್ಕ ಇಟ್ಟು ನೋಡಿ ಅನ್ನುವುದು ನಮ್ಮ ಸಲಹೆ. ಬ್ರಾಂಚಿನವರು ಎಂದಾದರೂ ಎಲೆ ಬೇಕಾದರೆ ಮೊದಲು ರಿಜಿಸ್ಟ್ರೇಷನ್ ಫೀಸು ಕೊಡಿ ಎಂದದ್ದುಂಟೇ? ಕೆಲಸ ಕೊಡುವವನು ದುಡ್ಡು ಕೊಡಬೇಕು, ಕೇಳಬಾರದು. ಕಿಟ್ಟಿಗೆ, ಐಡಿ ಕಾರ್ಡಿಗೆ, ಟ್ರೈನಿಂಗಿಗೆ, ಜಿಎಸ್‌ಟಿಗೆ, ಯಾವ ಹೆಸರಿನಲ್ಲಿ ಕೇಳಿದರೂ ಅದು ಕೆಲಸ ಅಲ್ಲ. ಪೆನ್ಸಿಲ್ ಪ್ಯಾಕಿಂಗ್ ಕೆಲಸ, ತಿಂಗಳಿಗೆ 30 ಸಾವಿರ ಎಂಬ ಮೆಸೇಜು ನಮ್ಮ ಊರಿನ ಗ್ರೂಪುಗಳಲ್ಲಿ ತಿಂಗಳಿಗೊಮ್ಮೆ ಬರುತ್ತದೆ. ಕಾರ್ಖಾನೆಯಲ್ಲಿ ಮೆಷಿನು ಕ್ಷಣದಲ್ಲಿ ಮಾಡುವ ಪ್ಯಾಕಿಂಗನ್ನು ವೇಣೂರಿನ ಮನೆಗೆ ಕೊರಿಯರ್ ಕಳಿಸಿ ಮಾಡಿಸಿ ವಾಪಸು ತರಿಸಿಕೊಂಡರೆ ಪೆನ್ಸಿಲಿನ ಬೆಲೆ ಎಷ್ಟಾಗಬೇಕು? ಯಾರಾದರೂ ಲೆಕ್ಕ ಹಾಕಿದ್ದೀರಾ?

ಡೇಟಾ ಎಂಟ್ರಿಯ ಮೋಸ ಇನ್ನೂ ಕೆಟ್ಟದ್ದು. ದುಡ್ಡು ಹೋಗುವುದರ ಜೊತೆಗೆ ಹೆದರಿಕೆಯೂ ಬರುತ್ತದೆ. ಮೊದಲು ಆನ್‌ಲೈನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ವಾರಗಟ್ಟಲೆ ಟೈಪ್ ಮಾಡಿಸುತ್ತಾರೆ. ಕೊನೆಗೆ ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೇಸು ಎಂದು ವಕೀಲರ ಹೆಸರಿನಲ್ಲಿ ನೋಟಿಸು ಕಳಿಸುತ್ತಾರೆ. ಮೂಡುಬಿದಿರೆ ಕಡೆಯ ಒಬ್ಬ ಪದವಿ ವಿದ್ಯಾರ್ಥಿ ಹೀಗೆ ಬಂದ ನೋಟಿಸನ್ನು ಅಪ್ಪನಿಗೆ ಗೊತ್ತಾಗದ ಹಾಗೆ ಪುಸ್ತಕದೊಳಗೆ ಇಟ್ಟುಕೊಂಡು ಎರಡು ತಿಂಗಳು ನಿದ್ದೆಗೆಟ್ಟಿದ್ದ. ವಾಟ್ಸ್ಆ್ಯಪಿನಲ್ಲಿ ಬರುವ ಅಂಥ ಕಾಗದಕ್ಕೆ ಹೆದರಿ ದುಡ್ಡು ಹಾಕಬೇಡಿ. ನೇರ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಊರಿನ ವಕೀಲರೊಬ್ಬರಿಗೆ ತೋರಿಸಿ.

ಇನ್ನೊಂದಿದೆ, ಅದನ್ನು ಹುಡುಗರು ಕೆಲಸ ಅಂತಲೇ ತಿಳಿದುಕೊಂಡಿದ್ದಾರೆ. ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವುದು. ಏನೂ ಮಾಡಬೇಡ, ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ. ನೆರೆಮನೆ ಅಕ್ಕನ ದುಡ್ಡು ದಾಟಿ ಹೋದದ್ದು ಇಂಥ ಖಾತೆಗಳ ಮೂಲಕವೇ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಬೇರೆ ರಾಜ್ಯದ ಪೊಲೀಸರು ಬಂದು ಬಾಗಿಲು ತಟ್ಟಿದಾಗ ನನಗೆ ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ.

ಹಾಗಾದರೆ ನಿಜವಾದ ಕೆಲಸ ಎಲ್ಲಿದೆ ಅಂತ ಕೇಳುತ್ತೀರಿ. ನಾವು ಸುದ್ದಿಗೆಂದು ತಿರುಗುವಾಗ ಕಂಡದ್ದನ್ನೇ ಹೇಳುತ್ತೇವೆ. ಇದರಲ್ಲಿ ದಿನಕ್ಕೆ ಎರಡು ಸಾವಿರ ತರುವುದು ಒಂದೂ ಇಲ್ಲ.

ಸೀರೆಗೆ ಕುಚ್ಚು ಕಟ್ಟುವುದು, ಫಾಲ್ಸ್ ಹಾಕುವುದು, ಬ್ಲೌಸ್ ಹೊಲಿಯುವುದು. ಬಿ.ಸಿ.ರೋಡಿನಲ್ಲೂ ಗುರುವಾಯನಕೆರೆಯಲ್ಲೂ ಬಟ್ಟೆ ಅಂಗಡಿಯವರು ಕುಚ್ಚಿನ ಕೆಲಸವನ್ನು ಮನೆಗಳಿಗೆ ಕೊಡುತ್ತಾರೆ. ಬೀಡಿ ಕಟ್ಟಿದ ಬೆರಳಿಗೆ ಇದು ಬೇಗ ಒಗ್ಗುತ್ತದೆ. ನಮಗೆ ಗೊತ್ತಿರುವ ಒಬ್ಬರು ಅಕ್ಕ ಮೊದಲು ಅಂಗಡಿಗೆ ಕಟ್ಟಿಕೊಡುತ್ತಿದ್ದರು. ಅಂಗಡಿಯವರು ಗಿರಾಕಿಯಿಂದ ತೆಗೆದುಕೊಳ್ಳುವುದರ ಅರ್ಧಕ್ಕಿಂತ ಕಡಿಮೆ ಇವರ ಕೈಗೆ. ಒಂದು ಸಲ ಮದುವೆ ಮನೆಯವರು ನೇರ ಇವರ ಹತ್ತಿರವೇ ಬಂದರು, ಸೀರೆಯ ಫೋಟೋ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದರು, ಅಲ್ಲಿಂದ ಗಿರಾಕಿ ಹುಟ್ಟಿತು. ಸೀಸನ್ ಅಂದರೆ ದೀಪಾವಳಿಯಿಂದ ಪತ್ತನಾಜೆಯ ತನಕ. ಮಳೆಗಾಲದಲ್ಲಿ ಕೈ ಖಾಲಿ. ಈ ಖಾಲಿ ತಿಂಗಳ ಲೆಕ್ಕ ಮೊದಲೇ ಹಾಕದೆ ಸಂಘದ ಸಾಲದಲ್ಲಿ ದೊಡ್ಡ ಮೆಷಿನು ತೆಗೆದವರು ವಾರದ ಕಂತಿಗೆ ಒದ್ದಾಡಿದ್ದನ್ನೂ ನೋಡಿದ್ದೇವೆ.

ಅಡುಗೆಯಲ್ಲಿ ಮೂಡುಬಿದಿರೆಯವರಿಗೆ ಅನುಕೂಲ ಇದೆ. ಕಾಲೇಜು, ಹಾಸ್ಟೆಲು, ಪಿಜಿ ಅಂತ ಹೊರಗಿನ ಮಕ್ಕಳು ತುಂಬಿದ ಊರು. ಚಪಾತಿ, ನೀರುದೋಸೆ ಮಾಡಿ ಹೋಟೆಲಿಗೂ ಪಿಜಿಗೂ ಕೊಡುವ ಮನೆಗಳಿವೆ. ಬೆಳ್ತಂಗಡಿ ಕಡೆ ಹಲಸಿನ ಹಪ್ಪಳ, ಸಾಂತಣಿ, ಉಪ್ಪಿನಕಾಯಿ. ಇವಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು, ಎಫ್‌ಎಸ್‌ಎಸ್‌ಎಐ ಅನ್ನುತ್ತಾರೆ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಸಣ್ಣವರಿಗೆ ಅದರ ಸರಕಾರಿ ಶುಲ್ಕ ವರ್ಷಕ್ಕೆ ನೂರು ರೂಪಾಯಿ. ನೂರೇ. ಇದಕ್ಕೆ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿದ್ದಾರೆ, ಕೊಡಬೇಡಿ. ಹಪ್ಪಳದ ಮೆಷಿನು, ಡ್ರೈಯರು ಹಾಕುವಷ್ಟು ದೊಡ್ಡದಾಗಿ ಮಾಡುವವರಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದಿಂದ 35 ಶೇಕಡಾ ಸಹಾಯಧನ ಇದೆ, ಕರ್ನಾಟಕ ಸರಕಾರ ಅದರ ಮೇಲೆ 15 ಶೇಕಡಾ ಸೇರಿಸುತ್ತದೆ. ಅದು ಬ್ಯಾಂಕ್ ಸಾಲದ ಜೊತೆ ಬರುವಂಥದ್ದು, ಕೈಗೆ ಸಿಗುವ ನಗದಲ್ಲ. ಅದನ್ನು ನೆನಪಿಟ್ಟುಕೊಂಡೇ ಅರ್ಜಿ ಹಾಕಿ.

ಮಲ್ಲಿಗೆ ನಮ್ಮ ಕರಾವಳಿಯ ಇನ್ನೊಂದು ಮನೆಗೆಲಸ. ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದ ದರ ದಿನದಿನಕ್ಕೆ ಏರಿಳಿಯುವುದು ಎಲ್ಲರಿಗೂ ಗೊತ್ತು. ಗಿಡ ಇಲ್ಲದವರೂ ಬೇರೆಯವರ ಹೂ ಕಟ್ಟಿಕೊಟ್ಟು ಕೂಲಿ ಪಡೆಯುತ್ತಾರೆ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೂಮಾಲೆ ಕಟ್ಟುವವರೂ ಇದ್ದಾರೆ, ದರ್ಜಿಗಳೂ ಬುಟ್ಟಿ ಹೆಣೆಯುವವರೂ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದದ್ದು, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15 ಸಾವಿರದವರೆಗೆ. ಬೀಡಿ ಕಟ್ಟುವವರು ಆ ಪಟ್ಟಿಯಲ್ಲಿ ಇಲ್ಲ. ಇರಬೇಕಿತ್ತೇ ಅಂತ ಕೇಳಿದರೆ ಬೇಡ ಅನ್ನುತ್ತೇವೆ. ಆದರೆ ಬೀಡಿ ಬಿಟ್ಟು ಬರುವವರಿಗೆಂದು ಬೇರೊಂದು ದಾರಿಯಾದರೂ ಬೇಕಿತ್ತು. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲಿ ಸೇರಿದೆ. ಅದರ 17ನೇ ವಿಧಿ ತಂಬಾಕಿನ ಕೆಲಸದವರಿಗೆ ಬೇರೆ ಬದುಕು ಒದಗಿಸುವ ಬಗ್ಗೆಯೇ ಇದೆ. ಬೀಡಿ ಕಟ್ಟಿನ ಮೇಲೆ ಕ್ಯಾನ್ಸರಿನ ಚಿತ್ರ ಬಂತು, ಆ 17ನೇ ವಿಧಿ ನಮ್ಮ ಜಗಲಿಯ ತನಕ ಬಂದದ್ದು ಕಾಣಲಿಲ್ಲ.

ಮೊಬೈಲಿನಲ್ಲೂ ನಿಜವಾದ ಕೆಲಸ ಇಲ್ಲ ಅನ್ನುತ್ತಿಲ್ಲ. ಕನ್ನಡ ಟೈಪಿಂಗ್ ಚೆನ್ನಾಗಿ ಗೊತ್ತಿರುವವರಿಗೆ ಆಮಂತ್ರಣ ಪತ್ರಿಕೆ, ಸಂಘದ ವರದಿ, ದೇವಸ್ಥಾನದ ಬ್ರಹ್ಮಕಲಶದ ಸ್ಮರಣಸಂಚಿಕೆ ಅಂತ ಊರಿನಲ್ಲೇ ಕೆಲಸ ಸಿಗುತ್ತದೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರಿಂದ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ ಧ್ವನಿ ಸಂಗ್ರಹಿಸಿದ್ದು 2023ರಲ್ಲಿ ಹೊರದೇಶದ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ಗಂಟೆಗೆ ಸುಮಾರು ಐದು ಡಾಲರ್ ಕೊಟ್ಟರು. ಅಂದಿನ ಲೆಕ್ಕದಲ್ಲಿ 400 ರೂಪಾಯಿ. ಕಂಪ್ಯೂಟರಿಗೆ ಕನ್ನಡ ಕಲಿಸಲು ಕನ್ನಡದವರ ಸ್ವರ ಬೇಕು, ಅದಕ್ಕೆ ಬೆಲೆ ಇದೆ. ಆದರೆ ಅದು ಪ್ರಾಜೆಕ್ಟ್ ಇದ್ದಷ್ಟು ದಿನದ ಕೆಲಸ, ವರ್ಷಪೂರ್ತಿಯ ಸಂಬಳ ಅಲ್ಲ. ಮತ್ತೆ ನಮ್ಮಲ್ಲಿ ಇನ್ನೊಂದು ಸಮಸ್ಯೆ ಇದೆ ನೋಡಿ. ಘಟ್ಟದ ಬುಡದ ಊರುಗಳಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. ಲಾಕ್‌ಡೌನಿನಲ್ಲಿ ಗುಡ್ಡೆ ಹತ್ತಿ ಕೂತು ಕ್ಲಾಸು ಕೇಳಿದ ಮಕ್ಕಳೇ ಈಗ ಗುಡ್ಡೆ ಹತ್ತಿ ಕೆಲಸ ಹುಡುಕುತ್ತಿದ್ದಾರೆ.

ಕಲಿಸುವವರಿಗೆ ನಮ್ಮಲ್ಲಿ ಕೊರತೆ ಇಲ್ಲ. ಉಜಿರೆಯ ರುಡ್‌ಸೆಟ್ 1982ರಿಂದ ಉಚಿತ ಊಟ, ವಸತಿ ಕೊಟ್ಟು ಸ್ವಉದ್ಯೋಗ ಕಲಿಸುತ್ತಿದೆ. ಅದನ್ನೇ ನೋಡಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಅಂಥ ಸಂಸ್ಥೆಗಳು ಶುರುವಾದವು. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಕಲಿತು ಬಂದವರು ಪ್ರತಿ ಗ್ರಾಮದಲ್ಲೂ ಸಿಗುತ್ತಾರೆ. ಕಲಿತ ಮೇಲೆ ಕೊಳ್ಳುವವರು ಯಾರು ಅನ್ನುವಲ್ಲಿ ಸಿಕ್ಕಿಬೀಳುತ್ತೇವೆ. ಒಂದೇ ವಾರ್ಡಿನಲ್ಲಿ ಹನ್ನೆರಡು ಮಂದಿ ಹೊಲಿಗೆ ಕಲಿತರೆ ಆ ವಾರ್ಡಿನ ಬ್ಲೌಸು ಎಷ್ಟು ಮಂದಿಗೆ ಸಾಕು? ಸಮಾರೋಪಕ್ಕೆ ಗಣ್ಯರು ಬರುತ್ತಾರೆ, ಸರ್ಟಿಫಿಕೇಟು ಹಂಚುತ್ತಾರೆ, ನಾವು ಫೋಟೋ ತೆಗೆದು ಸುದ್ದಿ ಕಳಿಸುತ್ತೇವೆ. ಆರು ತಿಂಗಳ ಮೇಲೆ ಮೆಷಿನಿನ ಮೇಲೆ ಬಟ್ಟೆ ಮುಚ್ಚಿರುವುದರ ಸುದ್ದಿ ನಾವೂ ಬರೆದಿಲ್ಲ. ಅದು ನಮ್ಮ ತಪ್ಪು.

ಇಲ್ಲಿ ಕಣ್ಣೂರಿನ ಕತೆ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿಲ್ಲ, ಅಷ್ಟೇನೂ ದೂರದ ಊರಲ್ಲದಿದ್ದರೂ. ಅದೇ 1966ರ ಕಾಯ್ದೆ ಕೇರಳದಲ್ಲಿ ಜಾರಿಗೆ ಬಂದಾಗ, 1968ರಲ್ಲಿ, ಮಂಗಳೂರಿನ ಬೀಡಿ ಕಂಪನಿಗಳು ಕಣ್ಣೂರಿನ ತಮ್ಮ ಕೆಲಸ ಮುಚ್ಚಿ ಹೊರಟವು. ಸುಮಾರು 12 ಸಾವಿರ ಮಂದಿ ಬೀದಿಗೆ ಬಿದ್ದರು. 1969ರ ಫೆಬ್ರವರಿಯಲ್ಲಿ ಆ ಕೆಲಸಗಾರರೇ ಸೇರಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿದರು. ಕಾಸರಗೋಡು, ಹೊಸದುರ್ಗದ ಕಡೆಗೂ ಅದು ಹಬ್ಬಿತು. ಒಂದು ಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಬೀಡಿ ಸೇದುವವರು ಕಡಿಮೆಯಾಗುತ್ತಾರೆ ಎಂದು 1990ರ ದಶಕದಲ್ಲೇ ಅವರಿಗೆ ಅರ್ಥವಾಯಿತು. ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಸಿದ್ಧ ಉಡುಪು ಎಂದು ಅದೇ ಸಂಘ ಬೇರೆ ಕೆಲಸಕ್ಕೆ ಕೈ ಹಾಕಿತು. ಎಲ್ಲರಿಗೂ ಕೆಲಸ ಸಿಕ್ಕಿತು ಅಂತ ಅಲ್ಲ. ಬೀಡಿಯ ಕಾಲದ ಜನಸಂಖ್ಯೆಯ ಹತ್ತಿರಕ್ಕೂ ಅದು ಹೋಗಲಿಲ್ಲ. ಆದರೆ ಕೆಲಸ ಬದಲಾದಾಗಲೂ ಹಾಜರಿ ಪುಸ್ತಕ ಮುಂದುವರಿಯಿತು.

ನಮ್ಮಲ್ಲಿ ಹಾಗೆ ಯಾಕೆ ಆಗಲಿಲ್ಲ? ನಮ್ಮ ಅಭಿಪ್ರಾಯ ಹೇಳುತ್ತೇವೆ, ಒಪ್ಪದವರು ಬೈಯಿರಿ. ಕಣ್ಣೂರಿನವರು ಬೀಡಿ ಕಟ್ಟುತ್ತಿದ್ದದ್ದು ಶೆಡ್ಡಿನಲ್ಲಿ, ಒಟ್ಟಿಗೆ ಕೂತು. ಒಬ್ಬ ಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಾ ಕಟ್ಟುತ್ತಿದ್ದರು, ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ನಮ್ಮಲ್ಲಿ ಮನೆಮನೆಯಲ್ಲಿ ಒಬ್ಬೊಬ್ಬರೇ. ಅಕ್ಕಪಕ್ಕದವರು ಜಗಲಿಯಲ್ಲಿ ಸೇರುತ್ತಿದ್ದರು, ಅಷ್ಟೇ. ಯೂನಿಯನ್ನಿನವರು ಕೂಲಿಗಾಗಿ, ತುಟ್ಟಿಭತ್ಯೆಗಾಗಿ ಹೋರಾಡಿದ್ದಾರೆ, ಇಲ್ಲವೆನ್ನುವುದಿಲ್ಲ. ಬೀಡಿಯ ನಂತರ ಏನು ಅನ್ನುವುದನ್ನು ಮಾತ್ರ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಆ ಖಾಲಿ ಜಾಗಕ್ಕೇ ಈಗ ಟೆಲಿಗ್ರಾಂನವರು ಬಂದು ಕೂತಿದ್ದಾರೆ.

ಈಗ ಗ್ರಾಮ ಪಂಚಾಯತಿಗೊಂದು ಸಂಜೀವಿನಿ ಒಕ್ಕೂಟ ಇದೆ. ಸದಸ್ಯರೆಲ್ಲ ಹೆಂಗಸರು, ಅರ್ಧದಷ್ಟು ಮಂದಿ ಬೀಡಿ ಕಟ್ಟಿದವರೇ ಇರಬಹುದು. ಇವರೇ ಯಾಕೆ ಬ್ರಾಂಚು ಆಗಬಾರದು? ಅಂಗಡಿಯವರಿಂದ ಕುಚ್ಚಿನ ಕೆಲಸ ಒಟ್ಟಿಗೆ ತಂದು ಮನೆಗಳಿಗೆ ಹಂಚಿ, ದರ ಒಂದೇ ಇಟ್ಟು, ಲಾಗ್ ಬುಕ್ಕಿನಲ್ಲಿ ಬರೆದು ಕೊಡಲಿ. ಶಾಲೆ ಸಮವಸ್ತ್ರ, ಅಂಗನವಾಡಿಯ ಅಗತ್ಯ, ಸಭೆ ಸಮಾರಂಭದ ಚಹಾ ತಿಂಡಿ, ಪಂಚಾಯತಿನ ಟೈಪಿಂಗು, ಇದರಲ್ಲಿ ಆಗುವಷ್ಟನ್ನು ಊರಿನೊಳಗೇ ಕೊಡುತ್ತೇವೆ ಎಂದು ಗ್ರಾಮಸಭೆಯಲ್ಲಿ ಬರೆಸಬಹುದು. ಮತ್ತೆ ಪಂಚಾಯತಿನ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಗಂಟೆ ಇಡಿ, ಮೊಬೈಲಿಗೆ ಬಂದ ಕೆಲಸದ ಮೆಸೇಜು ತಂದು ತೋರಿಸಲು. ನಮ್ಮ ಬ್ಲಾಗಿನ ಗೆಳೆಯರು ಸರದಿಯಲ್ಲಿ ಬಂದು ಕೂರಲು ಒಪ್ಪಿದ್ದೇವೆ. ಮಗಳು ಅವತ್ತು ಮೊದಲ ದಿನವೇ ಬಂದು ತೋರಿಸಿದ್ದರೆ 68 ಸಾವಿರ ಉಳಿಯುತ್ತಿತ್ತು. ತೋರಿಸಲು ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ.

ಕಾನೂನಿನ ಕಡೆ ಪರಿಸ್ಥಿತಿ ತಳಮಳದ್ದೇ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1966ರ ಬೀಡಿ ಕಾಯ್ದೆ ಅದರೊಳಗೆ ಸೇರಿಹೋಯಿತು. ಹೊಸ ಸಂಹಿತೆಯಲ್ಲಿ 'ಮನೆಯಿಂದ ಕೆಲಸ ಮಾಡುವವರು' ಎಂಬ ಹೆಸರು ಇದೆ, ಅಸಂಘಟಿತರ ಸಾಲಿನಲ್ಲಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಮನೆಗೆಲಸಗಾರರಿಗೆಂದು 177ನೇ ಒಡಂಬಡಿಕೆ ಮಾಡಿತು, ಭಾರತ ಇನ್ನೂ ಅದನ್ನು ಅಂಗೀಕರಿಸಿಲ್ಲ. ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿಲ್ಲದವರು ಮಾಡಿಸಿಕೊಳ್ಳಿ, ಅದಕ್ಕೆ ಖರ್ಚಿಲ್ಲ. ಅದರಿಂದ ನಾಳೆಯೇ ಏನೋ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಲೆಕ್ಕಕ್ಕೆ ಸಿಗುವುದಕ್ಕಾದರೂ ಆಗುತ್ತದೆ.

ಇಷ್ಟೆಲ್ಲ ಬರೆಯುವ ನಮ್ಮದೇನು ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಸ್ಟ್ರಿಂಗರ್ ಅಂದರೆ ಮನೆಯಿಂದ ಕೆಲಸ ಮಾಡುವವನೇ. ಒಂದು ಸುದ್ದಿಗೆ ಇಷ್ಟು, ಫೋಟೋಕ್ಕೆ ಇಷ್ಟು. ಬೈಕಿಗೆ ಪೆಟ್ರೋಲು ನಮ್ಮದು, ಮೊಬೈಲು ನಮ್ಮದು, ನೆಟ್ ಪ್ಯಾಕು ನಮ್ಮದು. ಕಳಿಸಿದ್ದರಲ್ಲಿ ಪ್ರಕಟವಾಗದ್ದಕ್ಕೆ ಏನೂ ಇಲ್ಲ, ಅಂದರೆ ಬದಿಗೆ ಎಸೆದ ಬೀಡಿ ಕಟ್ಟು. ಮೂವತ್ತು ದಾಟಿದ ಮೇಲೂ ನಮ್ಮಲ್ಲಿ ಹೆಚ್ಚಿನವರಿಗೆ ಪಿಎಫ್ ನಂಬರು ಇಲ್ಲ. ಏಳನೇ ಕ್ಲಾಸು ಓದದ ಅಮ್ಮನಿಗೆ ಇತ್ತು. ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ 'ಕಂಟೆಂಟ್ ರೈಟಿಂಗ್' ಕೆಲಸಕ್ಕೆಂದು 1,500 ರೂಪಾಯಿ ರಿಜಿಸ್ಟ್ರೇಷನ್ ಕಟ್ಟಿ ಕಳೆದುಕೊಂಡವರು ನಮ್ಮಲ್ಲೂ ಒಬ್ಬರಿದ್ದಾರೆ. ಅದನ್ನು ಬರೆಯದೆ ಆ ಹುಡುಗಿಯ ಕತೆ ಮಾತ್ರ ಬರೆದರೆ ಸರಿಯಾಗುವುದಿಲ್ಲ ಅನ್ನಿಸಿತು.

ನೆರೆಮನೆಯ ಹುಡುಗಿ ಈಗ ಕುಚ್ಚು ಕಲಿತಿದ್ದಾಳೆ. ಬಿ.ಸಿ.ರೋಡಿನ ಒಂದು ಅಂಗಡಿಯಿಂದ ವಾರಕ್ಕೆ ನಾಲ್ಕೈದು ಸೀರೆ ಬರುತ್ತದೆ. ಅಮ್ಮನ ಹಳೆಯ ಲಾಗ್ ಬುಕ್ಕಿನಲ್ಲಿ ಕೊನೆಯ ಹಾಳೆಗಳು ಖಾಲಿ ಉಳಿದಿದ್ದವು. ತಾರೀಕು, ಸೀರೆಯ ಬಣ್ಣ, ಕೊಟ್ಟ ನೂಲು, ಬರಬೇಕಾದ ದುಡ್ಡು ಎಲ್ಲವನ್ನೂ ಅವಳು ಅದರಲ್ಲೇ ಬರೆಯುತ್ತಾಳೆ. ಅಂಗಡಿಯವರು ಸಹಿ ಹಾಕಲು ಮೊದಲು ನಕ್ಕರಂತೆ, ಈಗ ಹಾಕುತ್ತಾರೆ. ಕಳೆದ ತಿಂಗಳ ಎರಡು ಸೀರೆಯ ದುಡ್ಡು ಇನ್ನೂ ಬಂದಿಲ್ಲ, ಶನಿವಾರ ಹೋಗಿ ಕೇಳುತ್ತೇನೆ ಅಂದಳು.